ಕಂಡಿಕಿ ಮುಗಿದಲ್ಲೆ ನುಡಿ ಮುಗೀತು

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರಿನ ಸುತ್ತಮುತ್ತ ನೀವು ಯಾವ ಮದಿವಿಗೆ ಬೇಕಾದ್ರೂ ಹೋಗ್ರಿ, ಅಕ್ಕಿಕಾಳು ಬಿದ್ದು ಊಟಕ್ಕ ಎಲಿ ಹಾಕೂದರೊಳಗ ನಮ್ಮ ಮಾಮಾನ ಹಾಡು ಸ್ಪೀಕರಿನ್ಯಾಗ ಬಡದ ಬಡೀತೈತಿ. ಆದ್ರ ನಮ್ಮ ಮಾಮಾಗ ಹಾಡಾಕ ಬರೂದಿಲ್ಲ ಅಂದ್ರ ನಂಬ್ತೀರೇನು? ದನಿ ತಗದ್ರ ಓಣ್ಯಾಗಿನ ನಾಯಿ ಎದ್ದು ಬ್ಯಾರೆ ಓಣಿಗೆ ಹೋಗ್ತಾವ. ಪೆನ್ನು ಹಿಡದ್ರ ಸಹಿ ಒಂದು ಬಿಟ್ಟು ಮತ್ತೊಂದು ಮೂಡೂದಿಲ್ಲ. ಇಂಥಾ ಮನಷ್ಯಾ ಕೀಬೋರ್ಡು, ಗಿಟಾರು, ಡ್ರಮ್ಮು ಇಟಗೊಂಡ ಒಂದು ಬ್ಯಾಂಡಿಗೆ ಒಂದರ ಮ್ಯಾಲೊಂದು ಹಿಟ್ ಹಾಡು ಕಟ್ಟಿ ಕೊಟ್ಟಾನ! ಇದಕ್ಕ ಏನನ್ನೂದು? ನಮ್ಮವ್ವ ಅಂತೂ, ನನ್ನ ತಮ್ಮಗ ಹಿಡದ ಹುಚ್ಚು ಈಗ ಊರಿಗೆಲ್ಲಾ ಹತ್ತೇತಿ ಅಂತಾಳ.

ಮಾಮಾ ಗಜೇಂದ್ರಗಡದಾಗ ಕೈಮಗ್ಗದ ಮ್ಯಾಲೆ ಪಟ್ಟೇದ ಅಂಚಿನ ಸೀರಿ ನೇಯ್ತಾನ. ನಾನು ರೋಣದಾಗ ಸೀರಿಗೆ ಫಾಲು, ಪಿಕೋ ಮಾಡೂ ಅಂಗಡಿ ಇಟ್ಟಾಕಿ. ಈ ಹಾಡಿನ ಗದ್ದಲ ಎಲ್ಲಾ ಶುರು ಆಗಿದ್ದು ನನ್ನ ಅಂಗಡಿಯೊಳಗ ಅಂತ ನಮ್ಮತ್ತಿ, ಅಂದ್ರ ಮಾಮಾನ ಹೆಂಡತಿ, ಇವತ್ತಿಗೂ ನನ್ನ ಮ್ಯಾಲೆ ಹಾಕ್ತಾಳ. ಖರೇನ ಐತಿ. ಜಕ್ಕಲಿಯ ವೀರೇಶ ಅಂತ ಒಬ್ಬ ಹುಡುಗ, ಮನ್ಯಾಗ ಭರ್ತಿ ಎರಿಹೊಲ ಇದ್ರೂ ಹೊಲದ ಕಡೆ ಮಾರಿ ಮಾಡದಾಂವ, ತನ್ನ ಬ್ಯಾಂಡಿನ ಮಿಂಚು ಅಂಗಿ ಹಿಡಕೊಂಡು ಅಂಗಡಿಗೆ ಬಂದ. ಬ್ಯಾಂಡಿನ ಹೆಸರು ಇಂಗ್ಲೀಷಿನ್ಯಾಗ ಐತಿ, ಮಾಮಾಗ ಅದು ಬಾಯಾಗ ತಿರುಗೂದಿಲ್ಲ, "ರೋಣದ ಹುಡುಗರು" ಅಂತಾನ. ಆ ವೀರೇಶ, ಅಕ್ಕಾರ, ವಿಡಿಯೋ ತಗಿಯಾಕ ಹಳೇ ಕಾಲದ್ದು ಏನರ ಇದ್ರ ಹೇಳ್ರಿ ಅಂದ. ಹಳೇ ಕಾಲದ್ದು ಅಂದ ಕೂಡ್ಲೆ ನನಗ ನಮ್ಮ ಮಾಮಾ ಬಿಟ್ಟು ಯಾರು ನೆನಪಾಗಬೇಕು? ಕಳಿಸಿಬಿಟ್ಟೆ.

ಇಲ್ಲೆ ಒಂದು ಮಾತು ಹೇಳಲೇಬೇಕು. ಮಾಮಾಂದು ಕುಣಿಮಗ್ಗ. ನೆಲದಾಗ ಕುಣಿ ತೋಡಿರ್ತಾರ, ಅದರೊಳಗ ಕಾಲು ಇಳಿಬಿಟ್ಟು ಹಲಿಗಿ ತುಳಿಕೋತ ನೇಯಬೇಕು. ಆ ಕುಣಿಯಾಗ ಕಾಲು ಇದ್ದಾಗಷ್ಟ ಮಾಮಾನ ಬಾಯಿಂದ ಹಾಡು ಬರ್ತೈತಿ. ಕಾಲು ಮ್ಯಾಲೆ ಬಂತೋ, ಹಾಡು ಬಂದ್! ಒಂದು ಸಲ ಬ್ಯಾಂಡಿನವರು ಕಕ್ಕುಲಾತಿಲೆ ಇಂವನ್ನ ರೋಣಕ್ಕ ಕರಕೊಂಡು ಬಂದು, ತಂಪು ಖೋಲಿ, ಮೆತ್ತನ್ನ ಕುರ್ಚಿ, ಮ್ಯಾಲಿಂದ ಮ್ಯಾಲೆ ಚಹಾ ಎಲ್ಲಾ ಕೊಟ್ಟು ಕುಂಡ್ರಿಸಿದ್ರು. ಹಾಡು ಬರಲಿಲ್ಲ. ಸಂಜಿಮಟ ಕುಂತು, "ಎಲ್ಲಾ ಚಲೋ ಐತ್ರಪಾ, ಕಾಲು ಎಲ್ಲೆ ಇಡ್ಲಿ?" ಅಂದ. ಆಮ್ಯಾಲೆ ಸೀದಾ ನನ್ನ ಅಂಗಡಿಗೆ ಬಂದು, ಗಿರಾಕಿ ಮುಂದ ನಿಂತಿರೂವಾಗ ನನ್ನ ಹೊಲಿಗಿ ಮಷಿನ್ನಿನ ಮುಂದ ಕುಂತು ಸುಮ್ಮನ ತುಳಿಯಾಕ ಹತ್ತಿದ. ಹಾಡಿನ ಅರ್ಧಾ ನುಡಿ, ಅಂದ್ರ ಅರ್ಧಾ ಚರಣ, ಬಂತು. ಅಷ್ಟರಾಗ ಪಟ್ಟಾ ಹರೀತು. ಆ ಅರ್ಧಾ ನುಡಿ ಇನ್ನೂ ಅರ್ಧಾನ ಐತಿ, ಮಷಿನ್ನಿನ ಪಟ್ಟಾ ನಾನು ಬ್ಯಾರೆ ತಂದು ಹಾಕಿಸಿದೆ.

ಎರಡನೇ ಮಾತು ಇನ್ನೂ ಮಜಾ ಐತಿ. ನೇಯೂ ಲಾಳಿಯೊಳಗ ನೂಲು ಸುತ್ತಿದ ಸಣ್ಣ ಕಂಡಿಕಿ ಇರ್ತೈತಿ. ಅದು ಖಾಲಿ ಆದ್ರ ನಿಂತು ಬ್ಯಾರೆ ಕಂಡಿಕಿ ಹಾಕಬೇಕು. ಎಲ್ಲಾ ನೇಕಾರರ ಮನ್ಯಾಗ ಮುಂಜಾನೆದ್ದು ಒಂದು ಬುಟ್ಟಿ ತುಂಬ ಕಂಡಿಕಿ ಸುತ್ತಿ ಮಗ್ಗದ ಬಾಜೂ ಇಟಗೊಂತಾರ. ನಮ್ಮ ಮಾಮಾನ ಮನ್ಯಾಗ ಬುಟ್ಟಿ ಇಲ್ಲ! ಇಂವ ಒಂದು ಕಂಡಿಕಿ ನೇಯೂದರೊಳಗ ಅತ್ತಿ ಬಾಜೂಕ ರಾಟಿ ಮುಂದ ಕುಂತು ಇನ್ನೊಂದು ಸುತ್ತಬೇಕು. ಲಾಳಿ ನಿಂತ ಕೂಡ್ಲೆ ಆಕಿ ಕೈಚಾಚಿ "ಹಿಡೀರಿ" ಅನ್ನಬೇಕು, ಇಂವ ಹಿಡೀಬೇಕು. ಲಗ್ನ ಆದಾಗಿಂದ ಇದ ನಡದೈತಿ. ಯಾಕ ಅಂತ ಕೇಳಿದ್ರ ಹೇಳೂದಿಲ್ಲ. ಬುಟ್ಟ್ಯಾಗ ಇಟ್ಟ ನೂಲು ಒಣಗತೈತಿ ಅಂತ ಓಣ್ಯಾಗಿನವರು ತಾವ ಒಂದು ಕಾರಣ ಹುಡುಕಿದ್ರು. ಹೆಂಡತಿ ಅಡ್ಡಾಡಬಾರದು ಅಂತ ಕಟ್ಟಿ ಹಾಕ್ಯಾನ ಅಂತ ನಮ್ಮವ್ವ ಬೈತಿದ್ದಳು. ನಾನಂತೂ ಇದು ಶುದ್ಧ ಹಟ, ಬ್ಯಾರೆ ಏನೂ ಅಲ್ಲ ಅಂತ ತಿಳಕೊಂಡಿದ್ದೆ.

ಹಿಂಗಾಗಿ ಮಾಮಾನ ಹಾಡಿನ ನುಡಿ ಎಲ್ಲೆ ಮುಗೀತೈತಿ ಅಂದ್ರ, ಕಂಡಿಕಿ ಎಲ್ಲೆ ಮುಗೀತೈತಿ ಅಲ್ಲೆ. ಅತ್ತಿ ಖುಷಿಲೆ ದಪ್ಪಗ ಸುತ್ತಿದ್ರ ಉದ್ದನ್ನ ನುಡಿ. ಸಿಟ್ಟಿಲೆ ತೆಳ್ಳಗ ಸುತ್ತಿದ್ರ ಗಿಡ್ಡ ನುಡಿ. ಮಾಮಾಗ ಕಾಕಾ ಅನ್ನೂ ವೀರೇಶ ಒಂದು ಸಂದರ್ಶನದಾಗ, ಕಾಕಾರ ಬರವಣಿಗ್ಯಾಗ ನಡುವ ಬರೂ ಗಿಡ್ಡ ನುಡಿ ಆಧುನಿಕ ಮನಸ್ಸಿನ ತಳಮಳ ತೋರಸ್ತಾವ ಅಂತ ಹೇಳಿದ. ಎಲ್ಲೀ ತಳಮಳ? ಸವಡಿಯ ನಿನ್ನ ತಂಗಿ ಮನೀಗೆ ಕರಕೊಂಡು ಹೋಗ್ತೀನಿ ಅಂತ ಅತ್ತಿಗೆ ಮಾತು ಕೊಟ್ಟು, ಮಾಮಾ ಮರತಿದ್ದ. ಆಕಿ ಸೀರಿ ಉಟ್ಟು ತಯಾರಾಗಿ ಬಾಗಲದಾಗ ನಿಂತು, ರೋಣದ ಬಸ್ಸು ಹೋದ ಮ್ಯಾಲೆ ಒಳಗ ಬಂದು ರಾಟಿ ಮುಂದ ಕುಂತ್ಲು. ನೂಲು ಹ್ಯಾಂಗ ಸುತ್ತಿರಬೇಕು ನೀವ ವಿಚಾರ ಮಾಡ್ರಿ.

ವೀರೇಶನ ಮಂದಿ ವಿಡಿಯೋ ತಗಿಯಾಕ ಬಂದಿದ್ದು ಅವತ್ತ. ಮಗ್ಗದ ಬಾಜೂಕ ಮೊಬೈಲ್ ಇಟ್ಟು ಸುಮ್ಮನ ಕುಂತ್ರು. ಮಾಮಾ ಹೆಂಡತಿ ಕಡೆ ನೋಡಾಕ ಧೈರ್ಯ ಸಾಲದ ಬಟ್ಟಿ ಕಡೆ ಮಾರಿ ಮಾಡಿ ಗುನುಗಾಕ ಹತ್ತಿದ:

ರೋಣದ ಬಸ್ಸು ಹೋದರ ಹೋಗಲಿ
ಮಾತ ಇನ್ನೂ ಉಳದಾವ

ಅಲ್ಲಿಗೆ ತೆಳ್ಳನ್ನ ಕಂಡಿಕಿ ಮುಗೀತು. ಲಾಳಿ ನಿಂತಿತು. ಸ್ವಲ್ಪ ಹೊತ್ತು ಏನೂ ಸಪ್ಪಳ ಇಲ್ಲ. ಆಮ್ಯಾಲೆ ಅತ್ತಿ ಖಾರ ಹಚ್ಚಿದ ದನಿಲೆ "ಹಿಡೀರಿ" ಅಂದ್ಲು. ಮೊಬೈಲಿನ್ಯಾಗ ಎಲ್ಲಾ ಬಿತ್ತು.

ರೋಣಕ್ಕ ಹೋಗಿ ಆ ಹುಡುಗರು ಹಾಡು ಕಲಿತ್ರು. ಹೊಲದಾಗ ಬೆಳದ ಮಂದಿಗೆ ಮಗ್ಗದ ಸಂಗತಿ ಏನು ಗೊತ್ತು? ಆ ಸಪ್ಪಳಿಲ್ಲದ ಗ್ಯಾಪು, ಅದರ ಬೆನ್ನಿಗೆ ಬರೂ "ಹಿಡೀರಿ", ಎರಡೂ ಹಾಡಿನ್ಯಾವ ಅಂತ ತಿಳದು ಹಂಗ ಇಟ್ರು. ಅಷ್ಟ ಅಲ್ಲ, ಡ್ರಮ್ಮಿನವ ಅತ್ತಿ ದನೀನ ಕತ್ತರಿಸಿ ತನ್ನ ಎಲೆಕ್ಟ್ರಿಕ್ ಪ್ಯಾಡಿನ್ಯಾಗ ಹಾಕ್ಕೊಂಡ. ಗುಂಡಿ ಒತ್ತಿದ್ರ ಸಾಕು, ನಮ್ಮತ್ತಿ ಊರಿಗೆ ಕೇಳೂ ಹಂಗ "ಹಿಡೀರಿ" ಅಂತಾಳ!

ಹಾಡು ಹೊತ್ತಿಕೊಂಡ ಬಿಟ್ಟಿತು. "ಮಾತ ಇನ್ನೂ ಉಳದಾವ" ಅಂದ ಮ್ಯಾಲೆ ಬ್ಯಾಂಡು ಗಪ್ಪ್ ಆಗ್ತೈತಿ, ಕುಣಿಯೂ ಮಂದಿ ಎಲ್ಲಾ ಇದ್ದಲ್ಲೆ ನಿಂದರ್ತಾರ, ಆಮ್ಯಾಲೆ ಸಾವಿರ ಬಾಯಿ ಕೂಡಿ "ಹಿಡೀರಿ!" ಅಂತ ಜಿಗೀತಾವ. ಏನು ಹಿಡೀಬೇಕು ಅಂತ ಯಾರೂ ಕೇಳಲಿಲ್ಲ. ಮದುಮಗ ಮದುಮಗಳ ಕೈ ಹಿಡದ. ಅಬ್ಬಿಗೇರಿ ಮದಿವ್ಯಾಗ ಬಡಸಾವ್ರು ಇದ ಮಾತು ಅನ್ಕೋತ ಹೋಳಿಗಿ ನೀಡಿದ್ರಂತ, ಬ್ಯಾಡ ಅನ್ನಾಕ ಯಾರಿಗೂ ಬಾಯಿ ಬರಲಿಲ್ಲ. ನನ್ನ ಅಂಗಡಿಗೆ ಬಂದ ಹೆಣ್ಣಮಕ್ಕಳೂ ಸೀರಿ ಚೀಲ ನನ್ನ ಕೈಗೆ ಕೊಡೂವಾಗ ನಕ್ಕೋತ ಅದನ್ನ ಅನ್ನಾಕ ಶುರು ಮಾಡಿದ್ರು.

ಅತ್ತಿಗೆ ಬಂದ ಸಿಟ್ಟು ಏನ್ ಕೇಳ್ತೀರಿ. "ನಾ ನಮ್ಮನಿಯವರಿಗೆ ಕಂಡಿಕಿ ಕೊಟ್ಟಿದ್ದು, ಊರ ಗಂಡಸರಿಗೆಲ್ಲಾ ಕೊಟ್ಟಿದ್ದಲ್ಲ" ಅಂತ ವೀರೇಶನ್ನ ಬಾಗಲದಾಗ ನಿಂದರಿಸಿ ಬೈದ್ಲು. ಅಂವ ಪಾಪ, ತಪ್ಪಾತ್ರಿ ಕಾಕು, ತಗದು ಬಿಡ್ತೀವಿ ಅಂತ ಕಾಲು ಮುಟ್ಟಿದ. ಆಗ ಕುಣಿಯೊಳಗಿಂದ ಮಾಮಾನ ದನಿ ಬಂತು: "ತಗೀಬ್ಯಾಡ್ರಿ. ಹಾಡಿನ್ಯಾಗ ಚಲೋ ಇರೂದು ಅದೊಂದ." ಅತ್ತಿ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗ ಹೋದ್ಲು. ಅವತ್ತಿನಿಂದ ಕಂಡಿಕಿ ದಪ್ಪ ಆದ್ವು, ನುಡಿ ಉದ್ದ ಆದ್ವು, ಹಾಡಿನ ಮ್ಯಾಲೆ ಹಾಡು ಬಂದ್ವು. ಎಲ್ಲಾದರಾಗೂ ಆ ಗ್ಯಾಪು, ಆ ಮಾತು ಇರಲೇಬೇಕು ಅಂತ ಮಾಮಾನ ಹುಕುಂ.

ಹಿಂಗ ನಕ್ಕೋತ ನಡದಿತ್ತು. ಹೋದ ವರ್ಷ ಥಂಡಿ ದಿನದಾಗ ಅತ್ತಿಗೆ ಲಕ್ವಾ ಹೊಡೀತು.

ದವಾಖಾನಿಯಿಂದ ಬರೂವಾಗ ಮಾತು ಸರಿ ಇತ್ತು, ನಡಿಗಿನೂ ತಕ್ಕಮಟ್ಟಿಗೆ ಬಂತು. ಬಲಗೈ ಮಾತ್ರ ಬರಲಿಲ್ಲ. ಬೆರಳು ಮಡಚಿ ಮುಷ್ಟಿ ಆಗಿ ಕುಂತಬಿಟ್ಟಿದ್ವು. ಏನರ ಇಟ್ರ ಹಿಡಕೊಂತಿದ್ಲು, ಬಿಡಾಕ ಬರ್ತಿರಲಿಲ್ಲ. ಕೈಗೆ ದಿನಾ ಕೆಲಸ ಕೊಡ್ರಿ, ಬೆರಳು ಬಿಚ್ಚಿದ್ರ ಬಿಚ್ಚಬಹುದು, ಇಲ್ಲಂದ್ರ ಹಿಂಗ ಉಳೀತಾವ ಅಂತ ಡಾಕ್ಟರು ಹೇಳಿ ಕಳಿಸಿದ್ರು. ಆ ಕೈ ಹಂಗ ಸುಮ್ಮನ ಇದ್ದದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ.

ಓಣಿಯವರು ಭಾಳ ಚಲೋ ಮಂದಿ. ಸೀರಿ ಅರ್ಧಕ್ಕ ನಿಂತೈತಿ ಅಂತ ಪಾಪ ತಾವ ಒಂದು ಬುಟ್ಟಿ ಕಂಡಿಕಿ ಸುತ್ತಿ ತಂದು ಇಟ್ರು. ನಮ್ಮ ಮಾಮಾ ಏನು ಮಾಡಿದ ಅಂತೀರಿ? ಬುಟ್ಟಿ ಎತ್ತಿಕೊಂಡು ಹೋಗಿ, ಅವರ ಮನ್ಯಾಗ ಇಟ್ಟು, ನೀರು ಕುಡದು ಬಂದ! ಆಮ್ಯಾಲೆ ತಾನ ರಾಟಿ ಮುಂದ ಕುಂತು ಒಂದು ಕಂಡಿಕಿ ಸುತ್ತಿದ. ತಾನ ಅದನ್ನ ಅತ್ತಿ ಬಲಮುಷ್ಟಿಯಾಗ ತುರುಕಿದ. ತಾನ ಕುಣಿಯಾಗ ಇಳದ. ತಾನ ಕೈಚಾಚಿ, "ಹ್ಞಾಂ, ಈಗ ಕೊಡು" ಅಂದ.

ಆಕಿ ಹ್ಯಾಂಗ ಕೊಡಬೇಕು? ಹಣಿ ಮ್ಯಾಲೆ ಬೆವರು ಬರೂ ಹಂಗ ಒದ್ದಾಡಿದ್ರೂ ಒಂದು ಬೆರಳು ಅಳ್ಳಾಡಲಿಲ್ಲ. ಇಂವ ಕೈಚಾಚಿಕೊಂಡ ಕುಂತ. ಅವತ್ತ ನಾನೂ ನಮ್ಮವ್ವನೂ ಅಲ್ಲೇ ಇದ್ವಿ. ಅವ್ವ ಬೈದ್ಲು, ನಾನು ಇನ್ನೂ ಜೋರು ಬೈದೆ: ಮಾಮಾ, ನಿನಗ ಕರುಳು ಐತೋ ಇಲ್ಲೋ, ಆಕಿ ಕೈ ಹೋಗೇತಿ, ನಿನಗ ಸೀರಿ ಹೆಚ್ಚಾತು. ಅಂವ ನನ್ನ ಕಡೆ ನೋಡಲಿಲ್ಲ. ಕಡೀಕ ನಾನು ಅತ್ತಿಗೆ, ಎಡಗೈಲೆ ತಗದು ಕೊಟ್ಟು ಬಿಡು, ಹಟ ಮುರೀಲಿ ಅಂದ್ರ, ಆಕಿ ನನ್ನನ್ನ ನುಂಗೂ ಹಂಗ ನೋಡಿದ್ಲು. "ಗಂಡಗ ಎಡಗೈಲೆ ಕೊಡಂತೀಯೇನ ಬೇ?" ಅಂದ್ಲು. ನಾನು ಬ್ಯಾಗ್ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಇಬ್ಬರೂ ಕೂಡಿ ಹಟ ಮಾಡಾಕ ನಿಂತ ಮ್ಯಾಲೆ ನಡುವ ನಂದೇನು ಕೆಲಸ!

ದಿನಾ ಇದ ಆಟ. ಮುಂಜಾನೆ ಮುಷ್ಟಿಯಾಗ ಕಂಡಿಕಿ, ಮಧ್ಯಾನ್ನದ ಹೊತ್ತಿಗೆ ಬೆರಳು ದಣದು ಸ್ವಲ್ಪ ಸಡಲಿದಾಗ ಮಾಮಾ ಮೆಲ್ಲಕ ಎಳಕೊಂತಿದ್ದ. ನೇಯೂದು ಗೇಣಿನಷ್ಟು, ಕಾಯೂದು ದಿನಾಪೂರ್ತಿ. ಮತ್ತೊಂದು ಸಂಗತಿ ನಾನು ಆಮ್ಯಾಲೆ ಲಕ್ಷ್ಯ ಮಾಡಿದೆ. ಅತ್ತಿ "ಹಿಡೀರಿ" ಅನ್ನೂದು ಬಿಟ್ಟಿದ್ಲು. ಬಾಯಿ ಇದ್ರೂ ಅಂತಿರಲಿಲ್ಲ. ಯಾಕ ಅಂತ ಕೇಳಿದ್ದಕ್ಕ, "ಕೊಟ್ಟಾಗ ಅನ್ನೂ ಮಾತದು. ಅವರು ಕಸಗೊಂಡ್ರ ನಾ ಹ್ಯಾಂಗ ಅನ್ಲಿ?" ಅಂದ್ಲು. ನನಗ ಅಳು ಬಂತು, ಅಂಗಡಿಗೆ ಹೊತ್ತಾತು ಅಂತ ಎದ್ದು ಬಂದೆ.

ಅಷ್ಟರಾಗ ನರಗುಂದದ ಒಂದು ಕಾಲೇಜಿನವರು ತಮ್ಮ ಗ್ಯಾದರಿಂಗಿಗೆ ಬ್ಯಾಂಡಿನ್ನ ಕರದಿದ್ರು. ಹೊಸಾ ಹಾಡು ಇರಬೇಕು ಅಂತ ಕರಾರು. ವೀರೇಶ ಹೆದರಿಕೋತ ಮಾಮಾನ ಮನೀಗೆ ಹೋದ್ರ, ಹಾಡು ತಯಾರ ಇತ್ತು! ಆ ಗೇಣು ಗೇಣು ನೇಯ್ಗ್ಯಾಗ ಸಾಲು ಸಾಲು ಕೂಡಿಸಿದ್ದ.

ನೀ ಕೊಡೂತನಕ ನಾ ಕಾಯತೀನಿ
ನೂಲಿಗೇನ ಅವಸರ

ಹುಡುಗರಿಗೆ ಹಾಡು ಭಾಳ ಸೇರಿತು. ಆದ್ರ ಅತ್ತಿ ಕೈ ಬಿಚ್ಚೂತನಕ ಗ್ಯಾಪು ಇರಬೇಕು ಅಂತ ಮಾಮಾ ಅಂದಿದ್ದಕ್ಕ ಹೆದರಿದ್ರು. ಅಷ್ಟು ಹೊತ್ತು ಸ್ಟೇಜಿನ ಮ್ಯಾಲೆ ಸುಮ್ಮನ ನಿಂತ್ರ ಕರೆಂಟ್ ಹೋಗೇತಿ ಅಂತಾರ, ಸೀಟಿ ಹೊಡೀತಾರ, ಖುರ್ಚಿ ಒಗೀತಾರ ಅಂತ ವೀರೇಶ ಪರಿಪರಿಯಾಗಿ ಹೇಳಿದ. ಗ್ಯಾಪು ಸಣ್ಣದು ಮಾಡೂಣ್ರಿ ಕಾಕಾ, ಪ್ಯಾಡಿನ್ಯಾಗ ಕಾಕು ಅವರ ಹಳೇ ದನಿ ಐತೆಲ್ಲ, ಗುಂಡಿ ಒತ್ತಿಬಿಡ್ತೀವಿ, ಮಂದಿಗೆ ಗೊತ್ತ ಆಗೂದಿಲ್ಲ ಅಂದ. ಮಾಮಾ ಲಾಳಿ ಕೆಳಗಿಟ್ಟು ಕುಣಿಯಿಂದ ಮ್ಯಾಲೆ ಬಂದ.

"ಗುಂಡಿ ಒತ್ತಿದ್ರ ನನ್ನ ಹಾಡು ನನಗ ಕೊಟ್ಟಬಿಡ್ರಿ."

ಮಾಮಾ ತನ್ನ ಹಾಡಿನ ಯಾವ ಕಾರ್ಯಕ್ರಮಕ್ಕೂ ಹೋದಾವಲ್ಲ. ಈ ಸಲ ಮಾತ್ರ ಹುಡುಗರ ಮ್ಯಾಲೆ ನಂಬಿಗಿ ಇಲ್ಲದ, ಕ್ರೂಸರ್ ಗಾಡಿ ಮಾಡಿ ಅತ್ತಿನ್ನ ಹತ್ತಿಸಿಕೊಂಡು, ದಾರ್ಯಾಗ ರೋಣದಾಗ ನನ್ನನ್ನ ಅಂಗಡಿಯಿಂದ ಎಬ್ಬಿಸಿಕೊಂಡು ನರಗುಂದಕ್ಕ ಹೊಂಟ. ಹೊಂಡೂ ಮುಂದ ಅತ್ತಿ ಮುಷ್ಟಿಯಾಗ ಕಂಡಿಕಿ ಇಡೂದನ್ನ ಮರತಿರಲಿಲ್ಲ. ಹಸರ ನೂಲಿನ ಕಂಡಿಕಿ. ಗ್ಯಾದರಿಂಗಿಗೆ ಬಂದ ಹೆಣ್ಣಮಕ್ಕಳು ಕೈಯಾಗ ಮೊಬೈಲ್ ಹಿಡಕೊಂಡಿದ್ರ, ನಮ್ಮತ್ತಿ ಕಂಡಿಕಿ ಹಿಡಕೊಂಡು ಮುಂದಿನ ಸಾಲಿನ್ಯಾಗ ಕುಂತ್ಲು. ಬಾಜೂಕ ನಾನು. ಮಾಮಾ ಸ್ಟೇಜ್ ಏರಿ ಡ್ರಮ್ಮಿನವನ ಮಗ್ಗಲಿಗೆ ಒಂದು ಸ್ಟೂಲ್ ಹಾಕ್ಕೊಂಡು, ಆ ಗುಂಡಿ ಮ್ಯಾಲೆ ತನ್ನ ಅಂಗೈ ಮುಚ್ಚಿ ಕುಂತ. ಕಾವಲು ಅಂದ್ರ ಅದು!

ಹಾಡು ಶುರು ಆತು. ಎರಡು ಸಾಲು ಕೇಳೂದರೊಳಗ ಹುಡುಗರು ಎದ್ದು ಕುಣಿಯಾಕ ಹತ್ತಿದ್ರು. "ನೂಲಿಗೇನ ಅವಸರ" ಅಂದ ವೀರೇಶ, ಬ್ಯಾಂಡು ಗಪ್ಪ್ ಆತು. ಮಂದಿ ರೂಢಿಯಂತೆ ಕೂಡ್ಲೆ "ಹಿಡೀರಿ!" ಅಂತ ಜಿಗದ್ರು. ಬ್ಯಾಂಡು ಶುರು ಆಗಲಿಲ್ಲ. ಇನ್ನೊಮ್ಮೆ ಕೂಗಿದ್ರು. ಆಗಲಿಲ್ಲ. ಯಾರೋ ಸೀಟಿ ಹೊಡದ್ರು, ಯಾರೋ ಜನರೇಟರ್ ಹಚ್ಚರ್ಲೇ ಅಂದ್ರು. ವೀರೇಶ ಬೆವತು ಮಾಮಾನ ಕಡೆ ನೋಡಿದ. ನನಗ ಸಿಟ್ಟು ನೆತ್ತಿಗೇರಿ, ಇವತ್ತ ಈ ಹುಡುಗರ ಮಾನ ಹೋಗತೈತಿ, ನಾಳೆ ಅಂಗಡಿಗೆ ಬಂದು ಎಲ್ಲಾರೂ ನನ್ನ ಕೇಳ್ತಾರ ಅಂತ ಹಲ್ಲು ಕಡಕೊಂಡು ಕುಂತಿದ್ದೆ.

ಮಾಮಾ ಎದ್ದ. ಸ್ಟೇಜಿನ ಮೆಟ್ಟಲ ಇಳಕೊಂಡು ಸೀದಾ ಅತ್ತಿ ಮುಂದ ಬಂದು, ಮನ್ಯಾಗ ಕುಣಿಯಾಗ ಕುಂತಾಗ ಎಷ್ಟು ಎತ್ತರ ಇರ್ತಾನೋ ಅಷ್ಟ ಎತ್ತರಕ್ಕ ನೆಲದ ಮ್ಯಾಲೆ ಕುಂತು, ಕೈಚಾಚಿದ. ಮುಂದಿನ ಸಾಲಿನವರು ಮೊದಲು ಸುಮ್ಮನಾದ್ರು, ಆಮ್ಯಾಲೆ ಅವರ ಹಿಂದಿನವರು. ಅತ್ತಿ ತನ್ನ ಮುಷ್ಟಿ ಕಡೆ ನೋಡಿದ್ಲು. ಕುತಗಿ ನರ ಉಬ್ಬಿದ್ವು. ಹೆಬ್ಬೆರಳು ಸರೀತು. ತೋರಬೆರಳು ನಡುಗಿ ನಡುಗಿ ಎದ್ದಿತು. ಉಳದ ಬೆರಳು ಹ್ಯಾಂಗ ಬಿಚ್ಚಿದ್ವೋ ನನಗ ಗೊತ್ತಿಲ್ಲ, ನನ್ನ ಕಣ್ಣಾಗ ನೀರು ತುಂಬಿ ಏನೂ ಕಾಣಸಲಿಲ್ಲ. ಕಣ್ಣು ಒರಸಿಕೊಂಡು ನೋಡಿದ್ರ ಹಸರ ಕಂಡಿಕಿ ಮಾಮಾನ ಅಂಗೈಯಾಗ ಇತ್ತು.

"ಹಿಡೀರಿ" ಅಂದ್ಲು ಅತ್ತಿ. ದನಿ ನನಗಷ್ಟ ಕೇಳಿಸುವಷ್ಟು ಸಣ್ಣಗಿತ್ತು.

ಮಾಮಾ ಸ್ಟೇಜಿನ ಕಡೆ ತಿರುಗಿ ಗೋಣು ಹಾಕಿದ. ಡ್ರಮ್ಮು ಬಿತ್ತು. ಆಮ್ಯಾಲೆ ಆ ಮೈದಾನ ಏನು ಕುಣೀತು ಅಂತ ನಾನು ಹೇಳೂದಿಲ್ಲ, ನೀವು ನರಗುಂದದಾಗ ಯಾರನ್ನರ ಕೇಳ್ರಿ.

ಈಗ ಆ ಹಾಡು ಹಳೇ ಬಸ್ಸಿನ ಹಾಡಿಗಿಂತಾ ದೊಡ್ಡ ಹಿಟ್. ಡ್ರಮ್ಮಿನವ ಪ್ಯಾಡಿನ ಗುಂಡಿಯಿಂದ ಅತ್ತಿ ದನಿ ಅಳಸ್ಯಾನ. ಪ್ರತಿ ಕಾರ್ಯಕ್ರಮಕ್ಕ ಮೊದಲು ವೀರೇಶ ಮಾಮಾನ ಮನೀಗೆ ಫೋನ್ ಹಚ್ಚಿ, "ಇವತ್ತ ಕಾಕು ಕೈ ಹ್ಯಾಂಗೈತ್ರಿ?" ಅಂತ ಕೇಳ್ತಾನ. ಕೈ ಬಿಚ್ಚಾಕ ಎಷ್ಟು ಹೊತ್ತು ಹಿಡಿದಿತ್ತೋ, ಹಾಡಿನ ಗ್ಯಾಪು ಅವತ್ತ ಅಷ್ಟ. ಹಿಂಗಾಗಿ ಒಂದ ಹಾಡು ಜಕ್ಕಲಿಯಾಗ ಉದ್ದ, ಸವಡ್ಯಾಗ ಗಿಡ್ಡ. ಗ್ಯಾಪು ದಿನಾ ದಿನಾ ಸಣ್ಣದಾಗಾಕತ್ತೈತಿ.

ಮೊನ್ನೆ ನಾನು ಗಜೇಂದ್ರಗಡಕ್ಕ ಹೋದಾಗ ಆ ಫೋನ್ ಬಂತು. ಅತ್ತಿ ರಾಟಿ ಮುಂದ ಕುಂತಿದ್ಲು, ಮಾಮಾ ಕುಣಿಯಾಗ. ಫೋನ್ ನಾನ ಎತ್ತಿದೆ. ಅತ್ತಿ ನಕ್ಕೋತ, "ಈಗ ಲಗೂ ಬಿಡತೈತಿ, ಗ್ಯಾಪು ಪೂರಾ ತಗದು ಬಿಡ್ರಿ ಅನ್ನವಾ ಆ ಹುಡುಗಗ" ಅಂದ್ಲು. ನಾನು ಹಂಗ ಹೇಳಾಕ ಬಾಯಿ ತಗದೆ.

"ತಗೀಬ್ಯಾಡ ಅನ್ನು" ಅಂದ ಮಾಮಾ. ಲಾಳಿ ನಿಂತಿತ್ತು. "ನೇಯೂವಾಗ ಕಣ್ಣು ಬಟ್ಟಿ ಮ್ಯಾಲ ಇರಬೇಕಾಗತೈತಿ. ಕಂಡಿಕಿ ತೊಗೊಳ್ಳೂವಾಗ ಅಷ್ಟ ನನಗ ಇಕಿ ಮಾರಿ ನೋಡಾಕ ಸಿಗತೈತಿ."

ರಾಟಿ ನಿಂತಿತು. ಅತ್ತಿ ಬಲಗೈ ಚಾಚಿದ್ಲು. ಬೆರಳು ಲಗೂನ ಬಿಚ್ಚಿದ್ವು. ಆದ್ರ ಇಬ್ಬರೂ ಆ ಕಂಡಿಕಿನ್ನ ಒಂದೀಟು ಹೊತ್ತು ಕೂಡೇ ಹಿಡಕೊಂಡಿದ್ರು. ನಾನು ಫೋನಿನ್ಯಾಗ, ಗ್ಯಾಪು ಇರ್ಲಿ ವೀರೇಶ, ಸ್ವಲ್ಪ ಉದ್ದನ್ನದ ಇರ್ಲಿ ಅಂದೆ.